ಸಿಕ್ಲಿಡ್ ಮೀನುಗಳ ಸಂತಾನಾಭಿವೃದ್ಧಿ: ನೀರು, ಜೋಡಿ ಮತ್ತು ತಾಳ್ಮೆ

ಗಾಜಿನ ತೊಟ್ಟಿಯಲ್ಲಿ ಸಾಕುವ ಅಲಂಕಾರಿಕ ಮೀನುಗಳ ಪೈಕಿ ಮೊಟ್ಟೆ ಮತ್ತು ಮರಿಗಳಿಗೆ ಕಾವಲು ನಿಲ್ಲುವ ಗುಣದಿಂದ ಹೆಸರಾದುದು ಸಿಕ್ಲಿಡ್ ಕುಟುಂಬ. ವಿಜ್ಞಾನಿಗಳು ಈವರೆಗೆ ಹೆಸರಿಸಿರುವ ಇದರ ಪ್ರಭೇದಗಳು 1,700ಕ್ಕೂ ಹೆಚ್ಚು. ನಗರಗಳ ಅಕ್ವೇರಿಯಂ ಮಳಿಗೆಗಳಲ್ಲಿ ಕಾಣುವ ಏಂಜೆಲ್, ಡಿಸ್ಕಸ್, ಆಸ್ಕರ್ ಮೀನುಗಳೆಲ್ಲ ಇದೇ ಕುಟುಂಬಕ್ಕೆ ಸೇರಿದವು. ಇವು ತೊಟ್ಟಿಯಲ್ಲಿ ಮೊಟ್ಟೆ ಇಡುವುದು ಅಪರೂಪವೇನಲ್ಲ. ಇಟ್ಟ ಮೊಟ್ಟೆ ಮರಿಯಾಗಿ ಉಳಿಯುವುದು ಅಪರೂಪ. ಎರಡೇ ದಿನದಲ್ಲಿ ತಂದೆತಾಯಿಗಳೇ ಮೊಟ್ಟೆಗಳನ್ನು ತಿಂದು ಮುಗಿಸಿದವೆಂಬುದು ಹವ್ಯಾಸಿಗಳ ಸಾಮಾನ್ಯ ದೂರು. ಇದು ಮೀನಿನ ಕ್ರೌರ್ಯವಲ್ಲ. ಹೊಂದದ ನೀರು, ಬಲವಂತದ ಜೋಡಿ ಮತ್ತು ಸಾಕುವವರ ಅವಸರವೇ ಬಹುಪಾಲು ವೈಫಲ್ಯಗಳ ಮೂಲ.

ಎರಡು ಬಗೆಯ ಪಾಲನೆ

ದಕ್ಷಿಣ ಅಮೆರಿಕದ ಏಂಜೆಲ್ ಮತ್ತು ಡಿಸ್ಕಸ್ ಮೀನುಗಳು ಅಗಲವಾದ ಎಲೆ ಅಥವಾ ಕೊರಡಿನಂತಹ ಮೇಲ್ಮೈಗೆ ಮೊಟ್ಟೆಗಳನ್ನು ಅಂಟಿಸುತ್ತವೆ. ಗಂಡುಹೆಣ್ಣುಗಳೆರಡೂ ರೆಕ್ಕೆ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುತ್ತ, ಕೆಟ್ಟ ಮೊಟ್ಟೆಗಳನ್ನು ಆರಿಸಿ ತೆಗೆಯುತ್ತವೆ. ಆಫ್ರಿಕಾದ ಮಲಾವಿ ಸರೋವರದ ಬಹುತೇಕ ಸಿಕ್ಲಿಡ್‌ಗಳದು ಬೇರೆ ಕ್ರಮ. ಅಲ್ಲಿ ಹೆಣ್ಣು ಮೊಟ್ಟೆಗಳನ್ನು ಬಾಯೊಳಗೆ ತುಂಬಿಕೊಂಡು, ಸುಮಾರು 3 ವಾರ ಆಹಾರವನ್ನು ಹೆಚ್ಚುಕಡಿಮೆ ತೊರೆದು, ಈಜಬಲ್ಲ ಮರಿಗಳನ್ನು ಹೊರಬಿಡುತ್ತದೆ. ಯಾವ ಬಗೆಯ ಮೀನೆಂಬುದನ್ನು ಅರಿಯದೆ ಸಿದ್ಧತೆಗೆ ತೊಡಗುವುದು ವ್ಯರ್ಥ.

ಊರಿನ ನೀರಿಗೆ ಒಪ್ಪುವ ಮೀನು

ನೀರನ್ನು ಮೀನಿಗೆ ಹೊಂದಿಸುವುದಕ್ಕಿಂತ ನೀರಿಗೆ ಹೊಂದುವ ಮೀನನ್ನು ಆರಿಸುವುದು ಸುಲಭ. ಬೆಂಗಳೂರಿನಂತಹ ಬಯಲುಸೀಮೆಯ ನಗರಗಳ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ಪಿಎಚ್ 7.8ರಿಂದ 8.6ರ ಗಡಸು ನೀರನ್ನು ಬಯಸುವ ಮಲಾವಿ ಮೀನುಗಳಿಗೆ ಇದು ಅನುಕೂಲಕರ. ಕರಾವಳಿಯ ಕೆಂಪುಕಲ್ಲು ನೆಲದ ಬಾವಿಗಳ ನೀರು ಮೃದುವಾಗಿದ್ದು ಆಮ್ಲೀಯತೆಯತ್ತ ವಾಲುವುದರಿಂದ ಏಂಜೆಲ್ ಮತ್ತು ಡಿಸ್ಕಸ್‌ಗಳಿಗೆ ಒಗ್ಗುತ್ತದೆ. ಡಿಸ್ಕಸ್ ಗಡಸು ನೀರಿನಲ್ಲಿ ಬದುಕಬಲ್ಲದಾದರೂ ಅದರ ಮೊಟ್ಟೆಗಳು ಫಲಿತಗೊಳ್ಳುವ ಪ್ರಮಾಣ ಕುಸಿಯುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ನಿವಾರಕ ಬೆರೆಸಿದ ಬಳಿಕವಷ್ಟೇ ತೊಟ್ಟಿಗೆ ಸುರಿಯಬೇಕು.

ಜೋಡಿ ತಾನಾಗಿ ಕೂಡಲಿ

ಏಂಜೆಲ್ ಮೀನುಗಳಲ್ಲಿ ಗಂಡುಹೆಣ್ಣುಗಳನ್ನು ಹೊರನೋಟದಿಂದ ಗುರುತಿಸುವುದು ಕಷ್ಟ. ಆದುದರಿಂದ ಎಳೆಯ ಮೀನುಗಳನ್ನು 6ರ ಗುಂಪಾಗಿ ತಂದು ಒಟ್ಟಿಗೆ ಬೆಳೆಸುವುದು ಉತ್ತಮ. ವರ್ಷ ತುಂಬುವ ಮೊದಲೇ ಅವುಗಳಲ್ಲಿ ಎರಡು ಮೀನುಗಳು ಗುಂಪಿನಿಂದ ಸರಿದು ಒಂದು ಮೂಲೆಯನ್ನು ಕಾಯತೊಡಗಿದರೆ ಜೋಡಿ ಕೂಡಿತೆಂದು ತಿಳಿಯಬಹುದು. ಮೊಟ್ಟೆ ಇಡುವ ವೇಳೆ ಹೊರಚಾಚುವ ನಾಳ ಹೆಣ್ಣಿನಲ್ಲಿ ದಪ್ಪವಾಗಿ ಮೊಂಡಾಗಿಯೂ, ಗಂಡಿನಲ್ಲಿ ಸಣ್ಣದಾಗಿ ಚೂಪಾಗಿಯೂ ಇರುತ್ತದೆ. ಎರಡು ಹೆಣ್ಣುಗಳೇ ಜೋಡಿಯಾಗಿ ಮೊಟ್ಟೆ ಇಡುವುದೂ ಉಂಟು. ಅಂತಹ ಮೊಟ್ಟೆಗಳೆಲ್ಲ ಬೆಳ್ಳಗಾಗಿ ಬೂಸ್ಟು ಹಿಡಿಯುತ್ತವೆ. ಮಲಾವಿ ಮೀನುಗಳಲ್ಲಾದರೆ ಒಂದು ಗಂಡಿಗೆ ಕನಿಷ್ಠ 3 ಹೆಣ್ಣುಗಳಿರಬೇಕು. ಇಲ್ಲವಾದರೆ ಗಂಡಿನ ಕಾಟಕ್ಕೆ ಒಂದೇ ಹೆಣ್ಣು ಬಲಿಯಾದೀತು.

ಸಿದ್ಧತೆಯ ಕ್ರಮ

ಏಂಜೆಲ್ ಜೋಡಿಗೆ ಸುಮಾರು 100 ಲೀಟರಿನ, 45 ಸೆಂ.ಮೀ. ಎತ್ತರದ ಪ್ರತ್ಯೇಕ ತೊಟ್ಟಿ ಸೂಕ್ತ. ಜನರ ಓಡಾಟವಿಲ್ಲದ ಮೂಲೆಯಲ್ಲಿ ಅದನ್ನಿರಿಸಿ, ಮರಿಗಳನ್ನು ಎಳೆದುಕೊಳ್ಳದ ಸ್ಪಂಜಿನ ಫಿಲ್ಟರ್ ಅಳವಡಿಸಬೇಕು. ಅಗಲ ಎಲೆಯ ಗಿಡವನ್ನೋ, ಓರೆಯಾಗಿ ನಿಲ್ಲಿಸಿದ ಕಪ್ಪುಕಲ್ಲನ್ನೋ ಒದಗಿಸಿದರೆ ಮೊಟ್ಟೆಗೆ ನೆಲೆಯಾಗುತ್ತದೆ. ಉಷ್ಣಾಂಶ 27-28 ಡಿಗ್ರಿ ಸೆಲ್ಸಿಯಸ್ ಇರಲಿ. ಒಂದೆರಡು ವಾರ ಸೊಳ್ಳೆಮರಿ, ಕೆಂಪುಹುಳುಗಳಂತಹ ಪುಷ್ಟಿಕರ ಆಹಾರ ನೀಡಬೇಕು. ಆಗಾಗ ತೊಟ್ಟಿಯ ನೀರಿನ ಒಂದು ಭಾಗವನ್ನು ತೆಗೆದು ತುಸು ತಂಪಾದ ಹೊಸ ನೀರನ್ನು ತುಂಬಿದರೆ ಮಳೆಗಾಲದ ಅನುಭವವಾಗಿ ಮೀನುಗಳು ಮೊಟ್ಟೆ ಇಡಲು ಪ್ರಚೋದನೆಗೊಳ್ಳುತ್ತವೆ. ಜೋಡಿ ಎಲೆಯನ್ನು ಬಾಯಿಂದ ಉಜ್ಜಿ ಶುಚಿಗೊಳಿಸತೊಡಗಿತೆಂದರೆ ಮೊಟ್ಟೆಯ ಕಾಲ ಸನ್ನಿಹಿತವಾಯಿತೆಂದೇ ಅರ್ಥ.

ಮೊಟ್ಟೆ ತಿಂದರೆ?

ಎಳೆಯ ಜೋಡಿಗಳು ಮೊದಲ ಒಂದೆರಡು ಬಾರಿಯ ಮೊಟ್ಟೆಗಳನ್ನು ತಿನ್ನುವುದು ಸಹಜ. ಆಹಾರ ಹೇರಳವಾಗಿದ್ದರೆ ಕೆಲವೇ ವಾರಗಳಲ್ಲಿ ಅವು ಮತ್ತೆ ಮೊಟ್ಟೆ ಇಡುತ್ತವೆ. ಮೊಟ್ಟೆಗಳನ್ನು ಬೇರೆ ತೊಟ್ಟಿಗೆ ಒಯ್ದು, ಮಿಥಿಲೀನ್ ಬ್ಲೂ ಬೆರೆಸಿ, ಗಾಳಿಗುಳ್ಳೆಗಳ ನೆರವಿನಿಂದ ಮರಿ ಮಾಡುವ ಪದ್ಧತಿ ವಾಣಿಜ್ಯ ಸಾಕಣೆಯಲ್ಲಿ ರೂಢಿಯಲ್ಲಿದೆ. ಮರಿಗಳ ಸಂಖ್ಯೆಯೇ ಗುರಿಯಾದಲ್ಲಿ ಅದು ಸರಿ. ಆದರೆ ಸಿಕ್ಲಿಡ್ ಸಾಕಣೆಯ ನಿಜವಾದ ಸೊಗಸಿರುವುದು ಪಾಲನೆಯ ನೋಟದಲ್ಲಿ. ಅದನ್ನು ಬಯಸುವವರು ಮೂರ್ನಾಲ್ಕು ಅವಕಾಶಗಳನ್ನಾದರೂ ಜೋಡಿಗೆ ಕೊಡಬೇಕು. ಆ ದಿನಗಳಲ್ಲಿ ತೊಟ್ಟಿಗೆ ಕೈ ಹಾಕುವುದು, ಗಾಜು ತಟ್ಟುವುದು, ಹಠಾತ್ತನೆ ದೀಪ ಹಾಕಿ ಆರಿಸುವುದು ಸಲ್ಲದು. ಡಿಸ್ಕಸ್‌ಗಳಲ್ಲಂತೂ ಮರಿಗಳ ಮೊದಲ ಆಹಾರವೇ ತಂದೆತಾಯಿಗಳ ಮೈಮೇಲಿನ ಲೋಳೆ. ಅವುಗಳನ್ನು ಅಗಲಿಸಿದರೆ ಮರಿಗಳು ಉಳಿಯುವುದು ಕಷ್ಟ.

ಮರಿಗಳ ಪೋಷಣೆ

ಏಂಜೆಲ್ ಮೊಟ್ಟೆಗಳು ಎರಡು-ಮೂರು ದಿನಗಳಲ್ಲಿ ಒಡೆಯುತ್ತವೆ. ಹೊರಬಂದ ಮರಿಗಳು ಕೆಲವು ದಿನ ಎಲೆಗೆ ಅಂಟಿಕೊಂಡೇ ಇದ್ದು, ಒಡಲ ಭಂಡಾರ ಕರಗಿದ ಬಳಿಕ ಈಜತೊಡಗುತ್ತವೆ. ಅಲ್ಲಿಯವರೆಗೆ ಆಹಾರ ಹಾಕಿದರೆ ನೀರು ಕೆಡುವುದಷ್ಟೇ ಲಾಭ! ಈಜತೊಡಗಿದ ಮೇಲೆ ಆಗಷ್ಟೇ ಒಡೆದ ಆರ್ಟೀಮಿಯಾ ಮರಿಗಳನ್ನು ದಿನಕ್ಕೆ ಮೂರ್ನಾಲ್ಕು ಬಾರಿ ಕೊಡಬೇಕು. ಲೀಟರಿಗೆ 25-30 ಗ್ರಾಂ ಉಪ್ಪು ಬೆರೆಸಿದ ನೀರಿನಲ್ಲಿ ಗಾಳಿ ಆಡಿಸಿದರೆ ಸುಮಾರು 24 ಗಂಟೆಗಳಲ್ಲಿ ಆರ್ಟೀಮಿಯಾ ಸಿದ್ಧ.

ನಮ್ಮ ನೆಲದ ಸಿಕ್ಲಿಡ್

ಭಾರತದ ಮೂಲನಿವಾಸಿ ಸಿಕ್ಲಿಡ್‌ಗಳು ಮೂರೇ. ಕೇರಳದಲ್ಲಿ ಕರಿಮೀನ್ ಎಂದು ಪ್ರಸಿದ್ಧವಾದ ಹಸಿರು ಕ್ರೋಮೈಡ್, ಪುಟ್ಟ ಕಿತ್ತಳೆ ಕ್ರೋಮೈಡ್ ಮತ್ತು ಕೆನರಾ ಕ್ರೋಮೈಡ್. 1877ರಲ್ಲಿ ಫ್ರಾನ್ಸಿಸ್ ಡೇ ವಿವರಿಸಿದ ಕೆನರಾ ಕ್ರೋಮೈಡ್ ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ನದಿಗಳ ಆಸುಪಾಸಿಗಷ್ಟೇ ಸೀಮಿತವೆನ್ನಬಹುದಾದ ಮೀನು. ಇಷ್ಟು ಕಿರಿದಾದ ನೆಲೆಯಿಂದ ಹಿಡಿದು ತರುವುದಕ್ಕಿಂತ ತೊಟ್ಟಿಯಲ್ಲೇ ಹುಟ್ಟಿದ ಮೀನುಗಳನ್ನು ಕೊಳ್ಳುವುದು ಹವ್ಯಾಸಿಗಳ ಕರ್ತವ್ಯ.

ಹೆಚ್ಚುವರಿ ಮರಿಗಳ ವಿಚಾರದಲ್ಲೂ ಎಚ್ಚರ ಅಗತ್ಯ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ಕೂಡ ಸಿಕ್ಲಿಡ್ ಕುಟುಂಬದ್ದೇ. ಮರಿಗಳನ್ನು ಬಾಯಲ್ಲಿಟ್ಟು ಕಾಯುವ ಅದೇ ಗುಣದ ಬಲದಿಂದ ಅದು ಕೆರೆಕೆರೆಗಳಲ್ಲಿ ಹಬ್ಬಿ ಸ್ಥಳೀಯ ಮೀನುಗಳಿಗೆ ಪೈಪೋಟಿಯಾಯಿತು. ಒಂದು ಏಂಜೆಲ್ ಜೋಡಿ ಒಮ್ಮೆಗೆ ನೂರಾರು ಮೊಟ್ಟೆ ಇಡಬಲ್ಲದು. ಆದುದರಿಂದ ಮರಿಗಳನ್ನು ಯಾರಿಗೆ ಕೊಡುವುದೆಂಬುದು ಮೊಟ್ಟೆಗೆ ಮೊದಲೇ ನಿರ್ಧಾರವಾಗಿರಬೇಕು. ಕೆರೆಗೆ ಬಿಡುವುದಂತೂ ಎಂದಿಗೂ ಕೂಡದು.