ಥೇಮ್ಸ್ ನದೀತೀರದ ಜೀರ್ಣೋದ್ಧಾರ

ನಮ್ಮ ಶಾಸನಗಳಲ್ಲಿ ‘ಖಂಡಸ್ಫುಟಿತಜೀರ್ಣೋದ್ಧಾರ’ವೆಂಬ ಮಾತು ಮತ್ತೆ ಮತ್ತೆ ಬರುವುದನ್ನು ಶಾಸನಾಭ್ಯಾಸಿಗಳೆಲ್ಲರೂ ಬಲ್ಲರು. ಒಡೆದುದನ್ನೂ ಬಿರಿದುದನ್ನೂ ಹಳತಾದುದನ್ನೂ ಸರಿಪಡಿಸುವುದಕ್ಕೆಂದು ಭೂಮಿಯನ್ನು ಬಿಟ್ಟರೆಂಬುದು ಅದರ ತಾತ್ಪರ್ಯ. ಈ ಮಾತಿನಲ್ಲಿ ಬಾಯಿಬಿಟ್ಟು ಹೇಳದಿರುವ ನಿಬಂಧನೆಯೊಂದುಂಟು. ಗೋಡೆ ಹೊಸತಾಗಬಹುದು, ಒಳಗಿನ ದೇವರು ಅದೇ ಆಗಿರಬೇಕು. ದೇವರೇ ಬದಲಾದಲ್ಲಿ ಆ ಕಾರ್ಯಕ್ಕೆ ಬೇರೆ ಹೆಸರನ್ನಿಡಬೇಕಾಗುತ್ತದೆ. ಹಾಳುಬಿದ್ದ ನಗರಭಾಗಗಳಲ್ಲಿ ವಾಸ, ವ್ಯಾಪಾರ, ವಿನೋದಗಳನ್ನು ಒಟ್ಟುಗೂಡಿಸಿ ಮತ್ತೆ ಕಟ್ಟುವ ಈಚಿನ ಪದ್ಧತಿಗೆ ಜೀರ್ಣೋದ್ಧಾರವೆಂಬ ಹೆಸರು ಸಲ್ಲುವುದೇ ಎಂಬುದನ್ನು ಲಂಡನ್ನಿನ ಥೇಮ್ಸ್ ತೀರದ ಚರಿತ್ರೆಯಿಂದ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಲಂಡನ್ ಗೋಪುರವೆಂಬ ಪ್ರಾಚೀನ ಕೋಟೆಯನ್ನು ದಾಟಿ ಥೇಮ್ಸ್ ನದಿಯು ಪೂರ್ವಕ್ಕೆ ಹರಿಯುವಲ್ಲಿ, ಹತ್ತೊಂಬತ್ತನೆಯ ಶತಮಾನದ ಆದಿಯಿಂದ ದೊಡ್ಡ ದೊಡ್ಡ ಡಾಕುಗಳು ನಿರ್ಮಿತವಾದುವು. ನಮ್ಮ ಕರಾವಳಿಯವರು ದಕ್ಕೆಯೆಂದು ಕರೆಯುವ ಸ್ಥಳಗಳಂತೆ ಇವು ನದಿಯ ಅಂಚಿನ ಕಟ್ಟೆಗಳಲ್ಲ. ನೆಲವನ್ನು ಅಗೆದು, ಬಾಗಿಲುಗಳಿಂದ ನೀರನ್ನು ತಡೆದು ನಿಲ್ಲಿಸಿ, ಸುತ್ತಲೂ ಉಗ್ರಾಣಗಳನ್ನೂ ಕಳ್ಳರನ್ನು ತಡೆಯುವ ಎತ್ತರದ ಗೋಡೆಗಳನ್ನೂ ಎಬ್ಬಿಸಿದ ಕೊಳಗಳು ಇವು. ವೆಸ್ಟ್ ಇಂಡಿಯ ಡಾಕು ೧೮೦೨ರಲ್ಲಿಯೂ, ಲಂಡನ್ ಡಾಕು ೧೮೦೫ರಲ್ಲಿಯೂ, ಈಸ್ಟ್ ಇಂಡಿಯ ಡಾಕು ೧೮೦೬ರಲ್ಲಿಯೂ ತೆರೆದುವು. ಮೊದಲನೆಯದಕ್ಕೆ ದಾಸರ ದುಡಿಮೆಯ ಸಕ್ಕರೆ ಬಂದಿತು; ಕಡೆಯದಕ್ಕೆ ಪೂರ್ವದೇಶಗಳ ಚಹವೂ ಸಂಬಾರಗಳೂ ಬಂದುವು. ಹಡಗುಗಳೊಡನೆ ಭಾರತದ ನಾವಿಕರೂ ಬಂದರು. ಆಸರೆಯಿಲ್ಲದೆ ಬೀದಿಯಲ್ಲಿ ನಿಂತ ಏಷ್ಯ, ಆಫ್ರಿಕಗಳ ನಾವಿಕರಿಗಾಗಿ ಲೈಮ್‌ಹೌಸ್ ಎಂಬ ಕೇರಿಯಲ್ಲಿ ೧೮೫೭ರಲ್ಲಿ ಒಂದು ತಂಗುಮನೆಯನ್ನೇ ತೆರೆಯಬೇಕಾಯಿತು.

ಈ ತೀರದಲ್ಲಿ ‘ಅಭಿವೃದ್ಧಿ’ಗೂ ನಿವಾಸಿಗಳಿಗೂ ಉಂಟಾದ ಘರ್ಷಣೆ ನಮ್ಮ ಕಾಲದ್ದೆಂದು ತಿಳಿಯುವುದು ತಪ್ಪು. ಗೋಪುರದ ಮಗ್ಗುಲಲ್ಲಿ ಸೇಂಟ್ ಕ್ಯಾಥರಿನ್ ಎಂಬ ಧರ್ಮಶಾಲೆಯಿದ್ದಿತು. ೧೧೪೭ರಲ್ಲಿ ಮಟಿಲ್ಡ ರಾಣಿಯು ಸ್ಥಾಪಿಸಿದುದು. ಅದರ ಸುತ್ತಲೂ ಬಡವರ ಇಕ್ಕಟ್ಟಾದ ಕೇರಿ ಬೆಳೆದಿತ್ತು. ೧೮೨೫ರಲ್ಲಿ ಪಾರ್ಲಿಮೆಂಟಿನ ಕಾಯಿದೆಯನ್ನು ಪಡೆದ ಕಂಪೆನಿಯೊಂದು ಧರ್ಮಶಾಲೆಯನ್ನೂ ಸುಮಾರು ೧,೨೫೦ ಮನೆಗಳನ್ನೂ ಕೆಡವಿಸಿ, ಥಾಮಸ್ ಟೆಲ್‌ಫರ್ಡ್ ಎಂಬ ಪ್ರಸಿದ್ಧ ಶಿಲ್ಪಿಯ ಯೋಜನೆಯಂತೆ ೧೮೨೮ರಲ್ಲಿ ಹೊಸ ಡಾಕನ್ನು ತೆರೆಯಿತು. ನಿರ್ವಸಿತರಾದವರು ಸುಮಾರು ೧೧,೩೦೦ ಮಂದಿ. ಮನೆಯ ಒಡೆಯರಿಗೆ ಪರಿಹಾರ ದೊರೆಯಿತು. ಬಾಡಿಗೆಗಿದ್ದ ಬಡಜನರಿಗೆ ದೊರೆಯಲಿಲ್ಲ. ನೆಲದ ಮೇಲಿನ ಹಕ್ಕನ್ನು ಪತ್ರದಲ್ಲಿ ಹುಡುಕಬೇಕೇ ವಾಸದಲ್ಲಿ ಹುಡುಕಬೇಕೇ ಎಂಬ ಪ್ರಶ್ನೆ ಅಂದೇ ಹುಟ್ಟಿ, ಉತ್ತರವಿಲ್ಲದೆ ಉಳಿಯಿತು.

ಡಾಕುಗಳು ಬೆಳೆದಂತೆ ಅವುಗಳನ್ನೇ ನಂಬಿದ ಕೇರಿಗಳೂ ಬೆಳೆದುವು. ಪ್ರತಿದಿನ ಬೆಳಗ್ಗೆ ಬಾಗಿಲಲ್ಲಿ ನಿಂತು ಕೂಲಿಗಾಗಿ ಕೂಗಾಡಬೇಕಾಗಿದ್ದ ಕಾರ್ಮಿಕರು ೧೮೮೯ರಲ್ಲಿ ಮುಷ್ಕರ ಹೂಡಿ ಗಂಟೆಗೆ ಆರು ಪೆನ್ಸಿನ ಕೂಲಿಯನ್ನು ಗೆದ್ದುದು ಇಂಗ್ಲೆಂಡಿನ ಕಾರ್ಮಿಕ ಚರಿತ್ರೆಯಲ್ಲಿ ಒಂದು ಹೆಗ್ಗುರುತು. ೧೯೪೦ನೆಯ ಸೆಪ್ಟೆಂಬರ್ ೭ರಿಂದ ಬಿದ್ದ ಬಾಂಬುಗಳು ಉಗ್ರಾಣಗಳನ್ನು ಸುಟ್ಟರೂ ಕಸಬನ್ನು ಕೊಲ್ಲಲಿಲ್ಲ. ಅದನ್ನು ಕೊಂದುದು ಒಂದು ಕಬ್ಬಿಣದ ಪೆಟ್ಟಿಗೆ. ಸರಕನ್ನು ಕಂಟೇನರುಗಳಲ್ಲಿ ತುಂಬಿ ಯಂತ್ರದಿಂದಲೇ ಎತ್ತಿ ಇಳಿಸುವ ಪದ್ಧತಿ ಬಂದಾಗ ಆ ಮಹಾನೌಕೆಗಳಿಗೆ ಹಳೆಯ ಕೊಳಗಳು ಸಾಲದಾದುವು. ಹಡಗುಗಳು ಸಮುದ್ರದ ಕಡೆಗೆ ಟಿಲ್‌ಬರಿಯಲ್ಲಿ ನಿಂತುವು. ಈಸ್ಟ್ ಇಂಡಿಯ ಡಾಕು ೧೯೬೭ರಲ್ಲಿ, ಸೇಂಟ್ ಕ್ಯಾಥರಿನ್ ೧೯೬೮ರಲ್ಲಿ, ವೆಸ್ಟ್ ಇಂಡಿಯ ೧೯೮೦ರಲ್ಲಿ ಮುಚ್ಚಿದುವು. ಹೀಗೆ ಒಂದು ತಲೆಮಾರಿನೊಳಗೆ ಮೈಲಿಗಟ್ಟಲೆಯ ತೀರ ಪಾಳುಬಿದ್ದಿತು.

ಪಾಳುಬಿದ್ದುದು ನೆಲವೇ ಹೊರತು ಊರಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಡಾಕುಪ್ರದೇಶದಲ್ಲಿ ಆಗಲೂ ಸುಮಾರು ೩೯,೦೦೦ ಜನರು ವಾಸವಾಗಿದ್ದರು. ೧೯೮೧ರಲ್ಲಿ ಸರಕಾರವು ಲಂಡನ್ ಡಾಕ್‌ಲ್ಯಾಂಡ್ಸ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿ, ಎಂಟೂವರೆ ಚದರ ಮೈಲಿಗಳಲ್ಲಿ ಯೋಜನಾಧಿಕಾರವನ್ನು ಸ್ಥಳೀಯ ಚುನಾಯಿತ ಮಂಡಲಿಗಳಿಂದ ತೆಗೆದು ಅದರ ಕೈಗಿತ್ತಿತು. ಐಲ್ ಆಫ್ ಡಾಗ್ಸ್ ಎಂಬ ಭಾಗದಲ್ಲಿ ಉದ್ಯಮಗಳಿಗೆ ೧೯೮೨ರಿಂದ ಹತ್ತು ವರ್ಷಗಳ ತೆರಿಗೆ ವಿನಾಯಿತಿ ದೊರೆಯಿತು. ೧೯೮೭ರಲ್ಲಿ ಲಘುರೈಲು ಓಡಿತು. ಕೆನರಿ ದ್ವೀಪಗಳ ಹಣ್ಣು ಇಳಿಯುತ್ತಿದ್ದ ಕೆನರಿ ವಾರ್ಫ್ ಎಂಬ ಕಟ್ಟೆಯ ಮೇಲೆ ೧೯೯೧ರಲ್ಲಿ ಐವತ್ತು ಅಂತಸ್ತುಗಳ ಗೋಪುರ ನಿಂತಿತು. ಮರುವರ್ಷವೇ ಅದನ್ನು ಕಟ್ಟಿಸಿದ ಒಲಿಂಪಿಯ ಅಂಡ್ ಯಾರ್ಕ್ ಕಂಪೆನಿ ದಿವಾಳಿಯಾಯಿತು. ಆದರೂ ೧೯೯೮ರಲ್ಲಿ ನಿಗಮವು ಮುಚ್ಚುವ ಹೊತ್ತಿಗೆ ಸುಮಾರು ೨೪,೦೦೦ ಮನೆಗಳು ಎದ್ದು, ಜನಸಂಖ್ಯೆ ಇಮ್ಮಡಿಸಿತ್ತು.

ಈ ಸಾಧನೆಯನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಸತ್ತ ನೀರಿನ ಸುತ್ತ ಜೀವ ಬಂದುದು ನಿಜ. ಆದರೆ ಹೊಸ ಮನೆಗಳಲ್ಲಿ ಬಹುಭಾಗ ಮಾರಾಟಕ್ಕಾಗಿ ಕಟ್ಟಿದುವು. ಹೊಸ ಉದ್ಯೋಗಗಳು ಬ್ಯಾಂಕು ಮತ್ತು ಪತ್ರಿಕಾ ಕಛೇರಿಗಳವು. ಹಡಗಿನಿಂದ ಮೂಟೆ ಇಳಿಸುತ್ತಿದ್ದವನಿಗೆ ಎರಡೂ ಎಟುಕುವಂತಿರಲಿಲ್ಲ. ೧೯೮೪ರಲ್ಲಿ ಇಲ್ಲಿಯ ನಿವಾಸಿಗಳು ದೋಣಿಗಳನ್ನೇರಿ, ಅದೇ ನದಿಯ ಮೇಲೆ ಪಾರ್ಲಿಮೆಂಟಿನವರೆಗೆ ಮೆರವಣಿಗೆ ಹೋಗಿ ತಮ್ಮ ಅಹವಾಲನ್ನು ಮುಂದಿಟ್ಟರು. ೧೮೦೨ರ ಸಕ್ಕರೆಯ ಉಗ್ರಾಣವೊಂದು ಇಂದಿಗೂ ಗಟ್ಟಿಯಾಗಿ ನಿಂತಿದೆ. ೨೦೦೩ರಲ್ಲಿ ಅಲ್ಲಿ ಡಾಕುಗಳ ಚರಿತ್ರೆಯನ್ನು ತೋರಿಸುವ ವಸ್ತುಸಂಗ್ರಹಾಲಯ ತೆರೆಯಿತು. ಗೋಡೆ ಉಳಿಯಿತು, ಗೋಡೆಯೊಳಗೆ ದುಡಿದವನು ಪ್ರದರ್ಶನದ ವಸ್ತುವಾದನು.

ಇದಕ್ಕೆ ಪ್ರತಿಯಾದ ಉದಾಹರಣೆ ಅದೇ ನದಿಯ ದಕ್ಷಿಣ ದಡದಲ್ಲಿದೆ. ವಾಟರ್‌ಲೂ ಸೇತುವೆಗೂ ಬ್ಲ್ಯಾಕ್‌ಫ್ರಯರ್ಸ್ ಸೇತುವೆಗೂ ನಡುವಣ ಕಾಯಿನ್ ಸ್ಟ್ರೀಟ್ ಎಂಬ ಪ್ರದೇಶ ಸುಮಾರು ೧೩ ಎಕರೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸುತ್ತಲಿನ ಬಡಾವಣೆಗಳಲ್ಲಿ ಸುಮಾರು ೫೦,೦೦೦ ಮಂದಿ ಇದ್ದರು; ೧೯೭೦ರ ಸುಮಾರಿಗೆ ಉಳಿದವರು ೪,೦೦೦. ಕಛೇರಿಗಳ ದೊಡ್ಡ ಸಾಲೊಂದನ್ನು ಇಲ್ಲಿ ಎಬ್ಬಿಸುವ ಯೋಜನೆ ಬಂದಾಗ, ಈ ಉಳಿದವರು ೧೯೭೭ರಲ್ಲಿ ಸಂಘ ಕಟ್ಟಿಕೊಂಡು, ಬರಿದೇ ಬೇಡವೆನ್ನದೆ, ಮನೆ, ಉದ್ಯಾನ, ಅಂಗಡಿ, ಕುಶಲಕರ್ಮಿಗಳ ಕಾರ್ಯಾಗಾರಗಳನ್ನೊಳಗೊಂಡ ತಮ್ಮದೇ ಯೋಜನೆಯನ್ನು ಸಿದ್ಧಪಡಿಸಿದರು. ಎರಡು ಸಾರ್ವಜನಿಕ ವಿಚಾರಣೆಗಳ ತರುವಾಯ ಎರಡು ಯೋಜನೆಗಳಿಗೂ ಅನುಮತಿ ದೊರೆಯಿತು. ಕಡೆಗೆ ಪ್ರತಿಪಕ್ಷದ ಕಂಪೆನಿ ತನ್ನ ಭಾಗವನ್ನು ಮಾರಿ ಹಿಂತೆಗೆಯಿತು. ೧೯೮೪ರಲ್ಲಿ ಬೃಹತ್ ಲಂಡನ್ ಮಂಡಲಿಯು ಇಡೀ ನೆಲವನ್ನು ಹತ್ತು ಲಕ್ಷ ಪೌಂಡುಗಳಿಗೆ ನಿವಾಸಿಗಳ ಸಂಸ್ಥೆಗೆ ಮಾರಿತು.

ಈ ಬೆಲೆ ಅಷ್ಟು ಕಡಮೆಯಾದುದು ಹೇಗೆಂಬುದೇ ಈ ಚರಿತ್ರೆಯ ಮರ್ಮ. ನೆಲವನ್ನು ಇಂತಿಂತಹ ಉಪಯೋಗಕ್ಕೇ ಬಳಸತಕ್ಕದ್ದೆಂಬ ಕಟ್ಟಳೆಗಳನ್ನು ಕ್ರಯಪತ್ರಕ್ಕೆ ಸೇರಿಸಲಾಗಿತ್ತು. ಲಾಭಕ್ಕಾಗಿ ಮಾರಲಾಗದ ನೆಲಕ್ಕೆ ಬೆಲೆಯೂ ಇಳಿಯಿತು. ನಮ್ಮ ದಾನಶಾಸನಗಳನ್ನು ಓದಿದವರಿಗೆ ಈ ಉಪಾಯ ಅಪರಿಚಿತವಲ್ಲ. ಕೊಟ್ಟ ಮಂಡಲಿ ೧೯೮೬ರಲ್ಲಿ ಕಾಯಿದೆಯಿಂದ ರದ್ದಾಯಿತು. ಅದು ಬರೆದ ಕಟ್ಟಳೆ ಉಳಿಯಿತು.

ಮಿಶ್ರೋಪಯೋಗವೆಂಬುದು ಇಲ್ಲಿ ಅಲಂಕಾರವಾಗದೆ ನಿರ್ವಾಹದ ಸಾಧನವಾಯಿತು. ಮೊದಲು ಬಯಲಿನಲ್ಲಿ ವಾಹನಗಳನ್ನು ನಿಲ್ಲಿಸಲೆಡೆಗೊಟ್ಟು ಬಂದ ಹಣದಿಂದ ಸಾಲದ ಭಾರ ಹೊತ್ತರು. ೧೯೮೮ರಲ್ಲಿ ಹಳೆಯ ಮೋಟಾರು ಕೊಟ್ಟಿಗೆಗಳು ಕುಶಲಕರ್ಮಿಗಳ ಅಂಗಡಿಗಳಾದುವು. ಮಾಂಸಸಾರದ ಕಂಪೆನಿಯೊಂದು ೧೯೨೦ರ ದಶಕದ ಕೊನೆಯಲ್ಲಿ ಕಟ್ಟಿಸಿದ್ದ ಆಕ್ಸೊ ಗೋಪುರವು—ಜಾಹೀರಾತಿಗೆ ಅನುಮತಿ ಸಿಗದೆಂದು ಕಿಟಕಿಗಳನ್ನೇ ಅಕ್ಷರಗಳಾಗಿ ಮಾಡಿದ ವಿಚಿತ್ರ ಕಟ್ಟಡವದು—೧೯೯೬ರಲ್ಲಿ ಮತ್ತೆ ತೆರೆದಾಗ, ಕೆಳಗೆ ಕಾರ್ಯಾಗಾರಗಳು, ನೆತ್ತಿಯಲ್ಲಿ ಭೋಜನಶಾಲೆ, ನಡುವೆ ೭೮ ಮನೆಗಳು ಇದ್ದುವು. ೧೯೮೮ರಿಂದ ೨೦೦೧ರವರೆಗೆ ಹೀಗೆ ನಾಲ್ಕು ಸಹಕಾರ ಸಂಘಗಳಲ್ಲಿ ೨೨೦ ಮನೆಗಳಾದುವು.

ಇಪ್ಪತ್ತನಾಲ್ಕು ಸಾವಿರದ ಎದುರಿಗೆ ಇನ್ನೂರ ಇಪ್ಪತ್ತೆಷ್ಟರದು ಎಂದು ಕೇಳಬಹುದು. ಆಕ್ಷೇಪ ಸಾಧುವಾದುದೇ. ಹದಿಮೂರು ಎಕರೆಗೆ ಒಗ್ಗಿದ ಕ್ರಮ ಎಂಟು ಮೈಲಿಗೆ ಒಗ್ಗುವುದೆಂದು ಹೇಳಲಾಗದು. ನೆಲವನ್ನು ಅಗ್ಗವಾಗಿ ಕೊಡಬಲ್ಲ ಮಂಡಲಿಯೂ ಏಳು ವರ್ಷ ಹಟಹಿಡಿದು ನಿಲ್ಲಬಲ್ಲ ಜನರೂ ಎಲ್ಲೆಡೆಯಲ್ಲಿಯೂ ಒಟ್ಟಿಗೆ ಸಿಕ್ಕುವುದಿಲ್ಲ. ಆದರೆ ಮನೆಗಳ ಸಂಖ್ಯೆಯೊಂದನ್ನೇ ಲೆಕ್ಕಿಸುವ ಚರಿತ್ರೆಕಾರನು ಯಾರಿಗೆ ಮನೆಯೆಂಬುದನ್ನು ಲೆಕ್ಕದಿಂದ ಬಿಟ್ಟಂತಾಗುತ್ತದೆ. ೧೮೨೮ರಲ್ಲಿ ಬಿಟ್ಟುಹೋದುದು ಅದೇ ಅಂಕಣ.

ಆದುದರಿಂದ ಡಾಕುಪ್ರದೇಶದಲ್ಲಿ ನಡೆದುದನ್ನು ನವನಿರ್ಮಾಣವೆಂದು ಕರೆಯಬಹುದು. ಅದರ ವೈಭವಕ್ಕೆ ಆ ಹೆಸರೇ ತಕ್ಕುದು. ಜೀರ್ಣೋದ್ಧಾರವೆಂಬ ಹಳೆಯ ಮಾತನ್ನು ಕಾಯಿನ್ ಸ್ಟ್ರೀಟಿನಂತಹ ಚಿಕ್ಕ ಎಡೆಗಳಿಗೆ ಮೀಸಲಿಡುವುದು ಯುಕ್ತವೆಂದು ತೋರುತ್ತದೆ. ಅಲ್ಲಿ ಗೋಡೆಯ ಉಪಯೋಗ ಬದಲಾಯಿತು, ಒಕ್ಕಲು ಬದಲಾಗಲಿಲ್ಲ.