ಒಣ ಕಸದ ಎರಡು ದಾರಿ: ಕಲಬುರಗಿಯ ಪ್ಲಾಸ್ಟಿಕ್ ಪಾಕೀಟು ಮತ್ತು ಸಿಮೆಂಟ್ ಕಿಲ್ನ್

ಮನೆಗಸದ ಚರ್ಚೆ ಸಾಮಾನ್ಯವಾಗಿ ಹಸಿ ಕಸ, ಒಣ ಕಸ ಬೇರ್ಪಡಿಸುವಲ್ಲಿಗೇ ನಿಂತುಬಿಡುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಆ ಹೊಣೆಯನ್ನು ಮನೆಯವರಿಗೆ ವಹಿಸಿದ್ದು ಸರಿಯೇ. ಬೇರ್ಪಟ್ಟ ಒಣ ಕಸದ ಮುಂದಿನ ಗತಿಯನ್ನು ನಿರ್ಧರಿಸುವುದು ಮಾತ್ರ ಪಾಕೀಟಿನ ರಚನೆ ಎಂಬುದು ಈ ಲೇಖನದ ವಾದ.

ಕಲಬುರಗಿಯ ಐವಾನ್-ಎ-ಶಾಹಿ ಕಡೆಯ ಯಾವ ಮನೆಯಲ್ಲೂ ಸಿಗಬಹುದಾದ ಎರಡು ವಸ್ತುಗಳನ್ನು ನೋಡೋಣ. ಹಾಲಿನ ಪಾಕೀಟು ಪಾಲಿಎಥಿಲೀನ್ ಹಾಳೆ. ತೊಳೆದು ಒಣಗಿಸಿಟ್ಟರೆ ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ. ಕರಗಿಸಿ ಮತ್ತೆ ಹರಳು ಮಾಡಬಹುದು. ಚಿಪ್ಸ್ ಪಾಕೀಟಿನಲ್ಲಿ ಮುದ್ರಿತ ಪ್ಲಾಸ್ಟಿಕ್ ಪದರದ ಬೆನ್ನಿಗೆ ಅಲ್ಯೂಮಿನಿಯಂ ಲೇಪ ಅಂಟಿರುತ್ತದೆ. ಬಿಡಿಸುವುದು ಕಷ್ಟ, ತೂಕವೂ ಇಲ್ಲ. ಒಂದು ಕಿಲೊ ಆಗಲು ನೂರಾರು ಪಾಕೀಟು ಬೇಕು. ಚಿಂದಿ ಆಯುವವರು ಅದನ್ನು ಬಿಟ್ಟು ಮುಂದೆ ಹೋಗುವುದಕ್ಕೆ ಕಾರಣ ಇದೇ, ಅವರ ಉದಾಸೀನವಲ್ಲ.

ಹೀಗೆ ಉಳಿದದ್ದಕ್ಕೆ ಜಿಲ್ಲೆಯಲ್ಲೇ ಒಂದು ದಾರಿಯುಂಟು. ವಾಡಿ, ಸೇಡಂ, ಮಳಖೇಡದ ಸುಣ್ಣಕಲ್ಲಿನ ನೆಲದಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಸಿಮೆಂಟ್ ಕಿಲ್ನಿನಲ್ಲಿ, ಅಂದರೆ ಸುಡುವ ಗೂಡಿನಲ್ಲಿ, ಅರೆದು ಸಿಮೆಂಟ್ ಮಾಡುವ ಕ್ಲಿಂಕರ್ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುತ್ತದೆ. ಆ ಕಾವಿನಲ್ಲಿ ಒಣ ಪ್ಲಾಸ್ಟಿಕ್ ಒಂದಿಷ್ಟು ಕಲ್ಲಿದ್ದಲನ್ನು ಉಳಿಸಬಲ್ಲದು. ಬೂದಿ ಕ್ಲಿಂಕರಿನಲ್ಲೇ ಸೇರಿಹೋಗುತ್ತದೆ. ಆದರೆ ಹಸಿ ಕಸದಲ್ಲಿ ನೆಂದ ಪಾಕೀಟಿನ ಶಾಖದ ಒಂದು ಪಾಲು ಅದರ ನೀರನ್ನು ಆರಿಸುವುದಕ್ಕೇ ಖರ್ಚಾಗುತ್ತದೆ. ಪಿವಿಸಿ ಬೆರೆತರಂತೂ ಕ್ಲೋರಿನ್‌ನಿಂದಾಗಿ, ಕಚ್ಚಾ ಪುಡಿಯನ್ನು ಮೊದಲೇ ಕಾಯಿಸುವ ಪ್ರೀಹೀಟರಿನ ಒಳಗೋಡೆಗೆ ಗಟ್ಟಿ ಪದರ ಕಟ್ಟಿ ದಾರಿ ಮುಚ್ಚುತ್ತದೆ. ಕಾರ್ಖಾನೆಯ ಗೇಟಿನಲ್ಲಿ ಲೋಡು ಒಪ್ಪಿತವಾಗುತ್ತದೋ ವಾಪಸಾಗುತ್ತದೋ ಎಂಬುದು ಬಹುಮಟ್ಟಿಗೆ ಅಡುಗೆಮನೆಯಲ್ಲೇ ತೀರ್ಮಾನವಾಗಿರುತ್ತದೆ.

ಕಿಲ್ನ್ ಹತ್ತಿರವಿದೆಯೆಂದು ಹಾಲಿನ ಪಾಕೀಟನ್ನೂ ಅಲ್ಲಿಗೇ ತಳ್ಳುವುದನ್ನು ನಾನು ಒಪ್ಪಲಾರೆ. ಸುಟ್ಟದ್ದು ಮರುಬಳಕೆಯಲ್ಲ. ಉತ್ಪಾದಕರ ವಿಸ್ತೃತ ಹೊಣೆಗಾರಿಕೆ, ಅಂದರೆ ಪೊಟ್ಟಣದ ಕಸಕ್ಕೆ ಕಂಪನಿಗಳೇ ಹೊಣೆಯಾಗುವುದರ ಕುರಿತು ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಮರುಬಳಕೆಗೆ ಒದಗದ ಪ್ಲಾಸ್ಟಿಕ್ಕನ್ನಷ್ಟೇ ರಸ್ತೆ ನಿರ್ಮಾಣಕ್ಕೆ, ಸಿಮೆಂಟ್ ಕಿಲ್ನಿಗೆ ಬಿಡುತ್ತದೆ. ಲೋಹದ ಪದರವಿರುವಂಥ ಪೊಟ್ಟಣಗಳಿಗೆ ಅದು ನಿಗದಿಪಡಿಸಿದ ಕನಿಷ್ಠ ಮರುಬಳಕೆ 2024–25ಕ್ಕೆ ಶೇ. 30, 2027–28ರ ಹೊತ್ತಿಗೆ ಶೇ. 60. ಕೊಳ್ಳುವವರೇ ಇಲ್ಲದ ವಸ್ತುವಿಗೆ ಇದು ದೊಡ್ಡ ಗುರಿ. ಕಂಪನಿಗಳ ಹಣ ಒಣ ಕಸ ಕೇಂದ್ರಕ್ಕೆ ಬಂದು, ಅಲ್ಲಿಂದ ಆಯುವವರ ಕೈಗೆ ಕೂಲಿಯಾಗಿ ಸೇರಿದರೆ ಮಾತ್ರ ಅದು ಸಾಧ್ಯ.

ಕಮಲಾಪುರದಂಥ ಸಣ್ಣ ಊರಿಗೆ ಸದ್ಯಕ್ಕೆ ಮಳೆ ತಾಗದ ಒಂದು ಶೆಡ್ಡು, ಪ್ಲಾಸ್ಟಿಕ್ ಒತ್ತಿ ಬೇಲು ಕಟ್ಟುವ ಪ್ರೆಸ್ಸು ಇದ್ದರೆ ಸಾಕು. ಲಾರಿ ತುಂಬಿದಾಗ ಕಲಬುರಗಿಗೆ ಕಳಿಸಬಹುದು. ಕಲಬುರಗಿ ನಗರದ ಹೊಣೆ ಇದಕ್ಕಿಂತ ಹೆಚ್ಚಿನದು, ಏಕೆಂದರೆ ಇದು ಪೊಟ್ಟಣ ಕಟ್ಟುವ ಊರೂ ಹೌದು. ಒಣಗಿದ ತೊಗರಿ ಬೇಳೆಗೆ ಅಲ್ಯೂಮಿನಿಯಂ ಪದರದ ಅಗತ್ಯವಿಲ್ಲ. ಇಲ್ಲಿನ ದಾಲ್ ಮಿಲ್ಲುಗಳು ಪಾಲಿಎಥಿಲೀನ್ ಒಂದರಿಂದಲೇ ಮಾಡಿದ ಪಾಕೀಟಿಗೆ ಬದಲಾದರೆ, ಬೇಳೆ ಖಾಲಿಯಾದ ಮೇಲೆ ಅದನ್ನೂ ಗುಜರಿಯವರು ತೂಕಕ್ಕೆ ಕೊಳ್ಳಬಲ್ಲರು.