ಸೂರು (ಮಾಡಿನ ಅಂಚು)

ಸೂರು ಎಂದರೆ ಇಳಿಜಾರಾದ ಮಾಡು ಗೋಡೆಯನ್ನು ದಾಟಿ ಹೊರಚಾಚಿರುವ ಕೆಳಭಾಗ. ಮಳೆನೀರನ್ನು ಗೋಡೆ ಮತ್ತು ತಳಪಾಯದಿಂದ ದೂರ ಬೀಳಿಸುವುದು ಹಾಗೂ ಗೋಡೆಗೆ ನೆರಳು ಕೊಡುವುದು ಇದರ ಮುಖ್ಯ ಉದ್ದೇಶ. ಮನೆ, ಆಶ್ರಯ ಎಂಬ ಅರ್ಥದಲ್ಲಿಯೂ ಈ ಪದ ಬಳಕೆಯಲ್ಲಿದೆ.

ರಚನೆ

ನೆತ್ತಿಯ ತೊಲೆಯಿಂದ ಗೋಡೆಯ ಕಡೆಗೆ ಇಳಿಯುವ ಓರೆ ಮರಗಳನ್ನು ಕರಾವಳಿ ಮತ್ತು ಮಲೆನಾಡಿನಲ್ಲಿ ಪಕಾಸು ಎನ್ನುತ್ತಾರೆ. ಇವುಗಳ ಮೇಲೆ ಅಡ್ಡಲಾಗಿ ರೀಪುಗಳನ್ನು ಹೊಡೆದು ಹೆಂಚು ಹೊದಿಸಲಾಗುತ್ತದೆ. ಗೋಡೆಯಿಂದ ಹೊರಬಂದ ಪಕಾಸಿನ ತುದಿಗಳೇ ಸೂರನ್ನು ಹೊರುತ್ತವೆ. ಅಂಚಿನ ಮೊದಲ ಸಾಲಿನ ಹೆಂಚಿಗೆ ಕೆಳಗೆ ಬೇರೆ ಹೆಂಚಿನ ಆಸರೆ ಇರುವುದಿಲ್ಲ. ಆದ್ದರಿಂದ ಅಲ್ಲಿನ ರೀಪನ್ನು ಉಳಿದವುಗಳಿಗಿಂತ ತುಸು ದಪ್ಪವಾಗಿ ಇಡುವುದು ವಾಡಿಕೆ.

ತುದಿಗಳ ಮುಕ್ತಾಯ

ಮರದ ನಾರುಗಳು ಕಡಿದ ತುದಿಯಲ್ಲಿ ತೆರೆದುಕೊಂಡಿರುತ್ತವೆ. ಪಕ್ಕದ ಮೈಗಿಂತ ಈ ತುದಿಯೇ ನೀರನ್ನು ಬೇಗ ಹೀರುತ್ತದೆ. ಮರದ ತೇವಾಂಶ ಬಹುಕಾಲ ಶೇ. 20ಕ್ಕಿಂತ ಹೆಚ್ಚಾಗಿ ಉಳಿದರೆ ಶಿಲೀಂಧ್ರ ಬೆಳೆದು ಮರ ಕೊಳೆಯುವ ಸಂಭವವಿದೆ. ಈ ತುದಿಗಳನ್ನು ಮೂರು ಬಗೆಯಲ್ಲಿ ಮುಗಿಸಬಹುದು.

* ತೆರೆದ ಸೂರು: ಪಕಾಸುಗಳನ್ನು ಹಾಗೆಯೇ ಕಾಣುವಂತೆ ಬಿಡಲಾಗುತ್ತದೆ, ಕೆಲವೆಡೆ ತುದಿಗೆ ಬಾಗಿದ ಆಕಾರ ಕೊಡುತ್ತಾರೆ. ಗಾಳಿಯಾಡುವುದರಿಂದ ಮರ ಬೇಗ ಒಣಗುತ್ತದೆ, ಹುಳುಕು ತಕ್ಷಣ ಕಾಣುತ್ತದೆ. ಆದರೆ ಎರಚಲು ನೇರವಾಗಿ ತುದಿಗೆ ತಗಲುತ್ತದೆ.
* ಅಂಚಿನ ಹಲಗೆ: ತುದಿಗಳನ್ನು ಸಾಲಾಗಿ ಕತ್ತರಿಸಿ ಮುಂದೆ ಹಲಗೆ ಹೊಡೆಯಲಾಗುತ್ತದೆ. ನೀರಿನ ಹೊಡೆತ ಹಲಗೆಯ ಮೇಲೆ ಬೀಳುತ್ತದೆ. ಕೆಟ್ಟಾಗ ಅದನ್ನಷ್ಟೇ ಬದಲಿಸಬಹುದು.
* ಮುಚ್ಚಿದ ಸೂರು: ಕೆಳಭಾಗಕ್ಕೂ ಹಲಗೆ ಹೊದಿಸಲಾಗುತ್ತದೆ. ಹಕ್ಕಿ, ಇಲಿ, ಕಣಜಗಳಿಗೆ ತಡೆಯಾಗುತ್ತದೆ. ಗಾಳಿಕಿಂಡಿಗಳಿಲ್ಲದಿದ್ದರೆ ಸೋರಿದ ನೀರು ಒಳಗೇ ನಿಂತು, ಹಾನಿ ಹೊರಗೆ ಕಾಣುವ ವೇಳೆಗೆ ಮರ ಕೊಳೆತಿರುತ್ತದೆ.

ಯಾವುದೇ ಬಗೆಯಲ್ಲಿ ಹೆಂಚು ಮರದ ತುದಿಯನ್ನು ದಾಟಿ ಮುಂದೆ ಬಂದಿರಬೇಕು. ಕಡಿದ ಭಾಗಕ್ಕೆ ಎಣ್ಣೆ ಅಥವಾ ಬಣ್ಣವನ್ನು ಮರ ಏರಿಸುವ ಮೊದಲೇ ಬಳಿಯುವುದು ಒಳ್ಳೆಯದು. ಸಾಗುವಾನಿಯಲ್ಲಿಯೂ ಬಾಳಿಕೆ ಬರುವುದು ಒಳಗಿನ ಚೇಗು ಮಾತ್ರ. ಹೊರಗಿನ ಬಿಳಿಭಾಗ ಬೇಗ ಹುಳು ಹಿಡಿಯುತ್ತದೆ.

ಪ್ರಾದೇಶಿಕ ಭಿನ್ನತೆ

ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆಯಾಗುವ ಆಗುಂಬೆಯಂತಹ ಊರುಗಳಲ್ಲಿ ಜಗಲಿಯನ್ನೂ ಮುಚ್ಚುವಷ್ಟು ಉದ್ದನೆಯ ಸೂರು ಬೇಕಾಗುತ್ತದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಕರೋಶಿ ಮಳೆ ಕಡಿಮೆಯಿರುವ ಬಯಲು ನಾಡಿಗೆ ಸೇರಿದೆ. ಉತ್ತರ ಕರ್ನಾಟಕದ ಬಯಲಿನಲ್ಲಿ ಜಂತಿಗಳ ಮೇಲೆ ಮಣ್ಣು ಹಾಕಿದ ಸಮತಟ್ಟಾದ ಮಾಳಿಗೆ ಮನೆಗಳಿಗೂ ಹಳೆಯ ಪರಂಪರೆಯಿದೆ. ಇಂತಹ ಬಯಲಿನಲ್ಲಿ ಹೆಂಚು ಅಥವಾ ತಗಡು ಹೊದಿಸುವಾಗ ಗಾಳಿಯನ್ನೂ ಗಮನಿಸಬೇಕಾಗುತ್ತದೆ. ಅತಿಯಾಗಿ ಚಾಚಿದ ಸೂರಿನಡಿ ನುಗ್ಗಿದ ಗಾಳಿ ಹೊದಿಕೆಯನ್ನು ಮೇಲಕ್ಕೆತ್ತುತ್ತದೆ.

ಇತಿಹಾಸ

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತು. ಒಂದೇ ಅಳತೆಯ ಈ ಹೆಂಚುಗಳಿಗೆ ರೀಪುಗಳನ್ನೂ ಸಮ ಅಂತರದಲ್ಲಿ ಕೂರಿಸಬೇಕಾಯಿತು. ಮರದ ಸೂರಿನ ರೂಪ ಕಲ್ಲಿನಲ್ಲಿಯೂ ಉಳಿದಿದೆ: ಹಂಪಿಯ ವಿಠ್ಠಲ ದೇವಾಲಯದ ಬಾಗಿದ ಕಲ್ಲಿನ ಸೂರಿನ ಅಡಿಯಲ್ಲಿ ಮರದ ಪಟ್ಟಿಗಳನ್ನು ಹೋಲುವ ಕೆತ್ತನೆಯನ್ನು ಕಾಣಬಹುದು.